ಊಟದ ಬದಲಿಗೆ ಒಂದು ಲೋಟ: ಮೈಸೂರಿನಲ್ಲಿ ಮೂರು ದಿನ

“ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ” ಎಂಬ ಗಾದೆಯನ್ನು ನಮ್ಮ ಹಿರಿಯರು ಎಷ್ಟು ಸಲ ಆಡಿದ್ದರೋ ಅಷ್ಟು ಸಲವೂ ನಾವು ಕೇಳಿ ತಲೆದೂಗಿದ್ದೇವೆ. ಆದರೆ ಊಟವನ್ನು ಬಲ್ಲವರೆನಿಸಿಕೊಳ್ಳುವುದು ಅವರ ಕಾಲದಲ್ಲಿದ್ದಷ್ಟು ಸುಲಭವಾಗಿ ಈಗ ಉಳಿದಿಲ್ಲ. ಅಡಿಗೆಮನೆಯ ಗೂಡಿನಲ್ಲಿ ಸಾಸಿವೆ ಮೆಂತ್ಯಗಳ ಡಬ್ಬಿಗಳ ಪಕ್ಕದಲ್ಲಿ ಇಂದು ಮತ್ತೊಂದು ದೊಡ್ಡ ಡಬ್ಬಿ ಬಂದು ಕುಳಿತಿದೆ. ಅದರ ಮೈಮೇಲೆ ಸಣ್ಣ ನಡುವಿನ ಚಿತ್ರ. ಒಳಗೆ ಬಗೆಬಗೆಯ ವಾಸನೆಯ ನುಣ್ಣನೆಯ ಹಿಟ್ಟು. ಹಾಲಿನಲ್ಲಿಯೋ ನೀರಿನಲ್ಲಿಯೋ ಕದಡಿ ಕುಡಿದರೆ ಒಂದು ಹೊತ್ತಿನ ಊಟವಾಯಿತು, ಮೈಯೂ ಇಳಿಯಿತು ಎಂಬ ಭರವಸೆ. ಅಂಥದೊಂದು ಡಬ್ಬಿಯ ದೆಸೆಯಿಂದ ನಾವು ಅವಸರದಲ್ಲಿ ಮೈಸೂರಿಗೆ ಹೋಗಬೇಕಾಯಿತು. ಅಲ್ಲಿ ಕಳೆದ ಮೂರು ದಿನಗಳಲ್ಲಿ ಕಂಡು ಕೇಳಿದ್ದು ಗೃಹಸ್ಥರಾದ ವಾಚಕರಿಗೆ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ಬೆಳಗಿನ ಜಾವ ಭಾವನವರಿಂದ ಸುದ್ದಿ ಬಂದಿತು. “ಅಕ್ಕನಿಗೆ ರಾತ್ರಿ ಸಕ್ಕರೆ ಇಳಿದು ತುಂಬ ಗಾಬರಿಯಾಯಿತು. ಈಗ ಆಸ್ಪತ್ರೆಯಲ್ಲಿದ್ದಾಳೆ, ಅಪಾಯವಿಲ್ಲ” ಎಂದಷ್ಟೇ ಹೇಳಿದರು. ಅಕ್ಕನಿಗೆ ಹನ್ನೆರಡು ವರುಷಗಳಿಂದ ಸಕ್ಕರೆ ಕಾಯಿಲೆ. ಸಕ್ಕರೆ ಏರುವುದರ ಮಾತನ್ನು ಅವಳ ಬಾಯಲ್ಲಿ ಕೇಳಿದ್ದೆವೇ ಹೊರತು ಇಳಿಯುವುದರ ಮಾತನ್ನು ಎಂದೂ ಕೇಳಿರಲಿಲ್ಲ. ಕೈಗೆ ಸಿಕ್ಕ ಬಟ್ಟೆಗಳನ್ನು ಚೀಲಕ್ಕೆ ತುಂಬಿಕೊಂಡು ರೈಲು ಹತ್ತಿದೆವು.

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಆ ದಾರಿ ನಮಗೆ ಹೊಸದಲ್ಲ. ಆದರೆ ಮನಸ್ಸಿನಲ್ಲಿ ಚಿಂತೆಯಿದ್ದಾಗ ಹಳೆಯ ದಾರಿಯೂ ಬೇರೆಯಾಗಿ ಕಾಣುತ್ತದೆ. ರಾಮನಗರದ ಬಂಡೆಗುಡ್ಡಗಳನ್ನು ದಾಟುವಾಗ ಎರಡೂ ಬದಿಗೆ ರಾಗಿಯ ಹೊಲಗಳು ಕಾಣುತ್ತಿದ್ದವು. ಚನ್ನಪಟ್ಟಣ ಕಳೆದು ಮದ್ದೂರು ಬಂದಿತು. “ವಡೆ, ವಡೆ, ಮದ್ದೂರು ವಡೆ” ಎಂಬ ಕೂಗು ಡಬ್ಬಿಯ ಈ ತುದಿಯಿಂದ ಆ ತುದಿಗೆ ಹರಿಯಿತು. ಈರುಳ್ಳಿಯ ಕಂಪು ಎಲ್ಲರನ್ನೂ ಎಬ್ಬಿಸಿತು. ಎದುರಿಗೆ ಕುಳಿತಿದ್ದ ದೊಡ್ಡ ಮೈಯ ಗೃಹಸ್ಥರೊಬ್ಬರು ಎರಡು ವಡೆಗಳನ್ನು ಕಾಗದದ ಎಣ್ಣೆ ಸಮೇತ ಮುಗಿಸಿ, ಕೈ ಒರಸಿಕೊಂಡು, ಚೀಲದಿಂದ ಮುಚ್ಚಳದ ಲೋಟವೊಂದನ್ನು ತೆಗೆದು ಗಲಗಲನೆ ಅಲ್ಲಾಡಿಸಿ ಕುಡಿದರು. “ತೂಕ ಇಳಿಸುವುದಕ್ಕೆ” ಎಂದು ನಮ್ಮ ಕಡೆಗೆ ನೋಡಿ ನಕ್ಕರು. ನಾವೂ ನಕ್ಕೆವು, ಆದರೆ ಆ ನಗೆಯ ಅರ್ಥ ನಮಗೆ ತಿಳಿದದ್ದು ಮೈಸೂರನ್ನು ಮುಟ್ಟಿದ ಮೇಲೆಯೇ.

ಮಂಡ್ಯದ ಸುತ್ತ ನೋಟವೇ ಬದಲಾಗುತ್ತದೆ. ಕನ್ನಂಬಾಡಿಯ ಕಟ್ಟೆಯ ನೀರು ಕಾಲುವೆಗಳಲ್ಲಿ ಹರಿದು ಬಂದ ಮೇಲೆ ಒಣಭೂಮಿಯ ರಾಗಿ ಹಿಂದೆ ಸರಿದು, ಕಬ್ಬು ಬತ್ತಗಳು ಮುಂದೆ ಬಂದವು. ನಾವೂ ಅಕ್ಕನೂ ಚಿಕ್ಕಂದಿನಲ್ಲಿ ಉಂಡದ್ದು ಮುದ್ದೆ, ಸೊಪ್ಪಿನ ಸಾರು. ನೀರು ಸೇದಿ, ಹಿಟ್ಟು ಬೀಸಿ, ಮೈಲಿಗಟ್ಟಲೆ ನಡೆದು ಅದನ್ನು ಅರಗಿಸಿಕೊಂಡಿದ್ದೆವು. ಈಗ ಮೂರು ಹೊತ್ತೂ ಬಿಳಿಯ ಅನ್ನ, ಎರಡು ಹೊತ್ತು ಸಕ್ಕರೆ ಕಾಫಿ, ಕುಳಿತಲ್ಲೇ ಕೆಲಸ. ಮದ್ದೂರಿನಿಂದ ಮಂಡ್ಯದವರೆಗೆ ಕಿಟಕಿಯ ಆಚೆ ನಡೆದ ಬದಲಾವಣೆಯೇ ನಮ್ಮ ಮನೆತನದ ತಟ್ಟೆಯಲ್ಲಿಯೂ ನಡೆದುಹೋಗಿದೆಯೆಂದು ತೋರಿತು. ಶ್ರೀರಂಗಪಟ್ಟಣದ ಬಳಿ ಕಾವೇರಿಯನ್ನು ದಾಟುವಾಗ ಕೈಮುಗಿದೆವು.

ಅಕ್ಕ ಅಂದು ಸಂಜೆಗೇ ಮನೆಗೆ ಬಂದಳು. ಮುಖ ಬಾಡಿತ್ತು; ಆದರೆ ಮಾತು ಎಂದಿನಂತೆಯೇ ಇತ್ತು. “ನನ್ನ ಪೆದ್ದತನ ನೋಡುವುದಕ್ಕೆ ಬೆಂಗಳೂರಿನಿಂದ ಬಂದಿರಾ?” ಎಂದಳು. ಮೆಲ್ಲಗೆ ಕೇಳಿದಾಗ ಎಲ್ಲವೂ ಹೊರಬಿತ್ತು. ವೈದ್ಯರು ಮೊದಲಿನಿಂದಲೂ “ಅಮ್ಮಾ, ತೂಕ ಇಳಿಸಿ” ಎನ್ನುತ್ತಿದ್ದರಂತೆ. ನೆರೆಮನೆಯಾಕೆ ಡಬ್ಬಿಯ ಹಿಟ್ಟು ಕುಡಿದು ಎರಡು ತಿಂಗಳಲ್ಲಿ ಸಣ್ಣಗಾದುದನ್ನು ಕಂಡು ಅಕ್ಕನೂ ಒಂದನ್ನು ತರಿಸಿದಳು. ರಾತ್ರಿಯ ಊಟವನ್ನು ಬಿಟ್ಟು, ಒಂದೇ ಅಳತೆ ಹಿಟ್ಟನ್ನು ಹಾಲಿನ ಬದಲು ನೀರಿನಲ್ಲಿ ಕಲಸಿ ಕುಡಿದಳು. ಬೇಗ ಇಳಿಯಲೆಂಬ ಆಸೆ. ಆದರೆ ರಾತ್ರಿಯ ಊಟಕ್ಕೆ ಮೊದಲು ನುಂಗುವ ಮಾತ್ರೆಯನ್ನು ಮಾತ್ರ ಬಿಡಲಿಲ್ಲ. ಊಟಕ್ಕೆಂದು ಕೊಟ್ಟ ಮಾತ್ರೆ ಊಟವಿಲ್ಲದ ಹೊಟ್ಟೆಯಲ್ಲಿಯೂ ತನ್ನ ಕೆಲಸವನ್ನು ಮಾಡಿಯೇ ಮಾಡಿತು. ನಾಲ್ಕನೆಯ ರಾತ್ರಿ ಮೂರು ಘಂಟೆಯ ಹೊತ್ತಿಗೆ ಮೈಯೆಲ್ಲ ಬೆವರಿ, ಕೈಕಾಲು ನಡುಗಿ, ಅಕ್ಕ ಏನೇನೋ ತಪ್ಪು ತಪ್ಪಾಗಿ ಮಾತನಾಡತೊಡಗಿದಳು. ಭಾವನವರಿಗೆ ನಿದ್ರೆ ಗಾಢವಲ್ಲವೆಂಬುದು ಆ ರಾತ್ರಿ ನಮ್ಮ ಪುಣ್ಯವಾಯಿತು.

ಅವರು ಮಾಡಿದುದನ್ನು ಪ್ರತಿಯೊಂದು ಮನೆಯವರೂ ತಿಳಿದಿರಬೇಕು. ಅಕ್ಕನಿಗೆ ಎಚ್ಚರವಿದೆ, ನುಂಗಬಲ್ಲಳು ಎಂಬುದನ್ನು ನೋಡಿಕೊಂಡು, ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಿದರು. ಕಾಲು ಘಂಟೆಯಲ್ಲಿ ನಡುಕ ನಿಂತಿತು. ಅಷ್ಟಕ್ಕೇ ಬಿಡದೆ ಆಸ್ಪತ್ರೆಗೂ ಕರೆದುಕೊಂಡು ಹೋದರು. ಯಾಕಂದರೆ ಆ ಜಾತಿಯ ಮಾತ್ರೆಯ ಪ್ರಭಾವ ಬಹಳ ಹೊತ್ತು ಉಳಿಯುವುದರಿಂದ, ಒಮ್ಮೆ ಏರಿದ ಸಕ್ಕರೆ ಮತ್ತೆ ಇಳಿಯುವ ಸಂಭವವುಂಟು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಲಾಗದು. ಅದು ಉಸಿರಿನ ದಾರಿಗೆ ಹೋದೀತು. ಅಂಥವರನ್ನು ಒಡನೆಯೇ ಆಸ್ಪತ್ರೆಗೆ ಒಯ್ಯಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಅಕ್ಕ ಭಾವನವರ ಕಡೆಗೆ ಬೆರಳು ತೋರಿಸಿ, “ಇವರೇನು ಕಡಿಮೆಯೆ? ನನ್ನ ಡಬ್ಬಿಯಲ್ಲಿ ಇವರದೂ ಪಾಲಿದೆ” ಎಂದಳು. ಭಾವನವರು ಸ್ವಲ್ಪ ನಾಚಿದರು. ಬೆಳಗಿನ ಇಡ್ಲಿಗೂ ಮಧ್ಯಾಹ್ನದ ಊಟಕ್ಕೂ ನಡುವೆ, ಶಕ್ತಿಗೆ ಒಳ್ಳೆಯದೆಂದು, ಅದೇ ಹಿಟ್ಟನ್ನು ಗಟ್ಟಿ ಹಾಲಿನಲ್ಲಿ ಕಲಸಿ ದಿನವೂ ಕುಡಿಯುತ್ತಿದ್ದರಂತೆ. ಒಂದು ತಿಂಗಳಲ್ಲಿ ಅವರ ತೂಕ ಎರಡು ಕಿಲೋ ಏರಿತ್ತು. ಒಂದೇ ಮನೆಯಲ್ಲಿ, ಒಂದೇ ಡಬ್ಬಿಯಿಂದ, ಒಬ್ಬರು ಊಟದ ಮೇಲೆ ಕುಡಿದು ಊದಿದರು. ಇನ್ನೊಬ್ಬರು ಊಟವನ್ನೇ ಬಿಟ್ಟು ಕುಡಿದು ಬಿದ್ದರು. ಮದ್ದೂರಿನ ಆ ಗೃಹಸ್ಥರ ನಗೆ ಆಗ ನಮಗೆ ನೆನಪಾಯಿತು.

ಮರುದಿನ ಬೆಳಿಗ್ಗೆ ಭಾವನವರೊಡನೆ ವಾಯುಸೇವನೆಗೆ ಹೊರಟೆವು. ಅವರ ಮಿತ್ರರೊಬ್ಬರೂ ಜೊತೆಗೂಡಿದರು. ಆಹಾರದ ಸಂಶೋಧನೆಯಲ್ಲಿಯೇ ಆಯುಷ್ಯದ ಬಹುಭಾಗವನ್ನು ಕಳೆದು ನಿವೃತ್ತರಾದ ಹಿರಿಯರು. ರೈಲು ನಿಲ್ದಾಣದಿಂದ ಕೃಷ್ಣರಾಜಸಾಗರದ ರಸ್ತೆ ಹಿಡಿದು ಸ್ವಲ್ಪ ದೂರ ನಡೆದರೆ, ದೊಡ್ಡ ಮರಗಳ ನಡುವೆ ಬೆಳ್ಳಗೆ ನಿಂತಿರುವ ಚೆಲುವಾಂಬಾ ಮಹಲು ಕಾಣುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರು ರಾಜಕುಮಾರಿ ಚೆಲುವಾಜಮ್ಮಣ್ಣಿಯವರಿಗಾಗಿ ಕಟ್ಟಿಸಿದ ಅರಮನೆ ಅದು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಅದು ರಾಷ್ಟ್ರಕ್ಕೆ ಸಂದು, 1950ರಲ್ಲಿ ಅಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಪ್ರಾರಂಭವಾಯಿತು. ಡಾಕ್ಟರ್ ವಿ. ಸುಬ್ರಹ್ಮಣ್ಯನ್ ಅವರು ಅದರ ಮೊದಲನೆಯ ನಿರ್ದೇಶಕರು. ಗೇಟಿನ ಈಚೆ, ಮರದ ನೆರಳಿನಲ್ಲಿ ನಿಂತು ನೋಡಿದೆವು. ರಾಜಕುಮಾರಿಯ ಮನೆ ಬಡವರ ಹಸಿವಿನ ಚಿಂತೆಯ ಮನೆಯಾಯಿತೆಂಬ ಮಾತು ಮನಸ್ಸಿಗೆ ಹಿತವಾಗಿತ್ತು.

“ನಿಮ್ಮ ಡಬ್ಬಿಯ ಹಿಟ್ಟಿನ ಅಜ್ಜಿ ಈ ಅಂಗಳದವಳೇ ಎಂದರೆ ತಪ್ಪಾಗದು” ಎಂದು ಹಿರಿಯರು ಮಾತು ತೆಗೆದರು. ಅವರು ಹೇಳಿದ ವೃತ್ತಾಂತದ ಸಾರ ಹೀಗಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಲಾಸ್ ಏಂಜಲಿಸಿನಲ್ಲಿ ಕ್ಲಿಫರ್ಡ್ ಕ್ಲಿಂಟನ್ ಎಂಬ ಊಟದ ಮನೆಯ ಯಜಮಾನರಿದ್ದರು. ಅಗ್ಗದ, ಕೆಡದ, ಸುಲಭವಾಗಿ ಸಾಗಿಸಬಹುದಾದ, ಒಂದು ಹೊತ್ತಿನ ಊಟದ ಸತ್ತ್ವವೆಲ್ಲ ಇರುವ ಹಿಟ್ಟೊಂದನ್ನು ಮಾಡಿಕೊಡಬೇಕೆಂದು ಅವರು ಹೆನ್ರಿ ಬೋರ್ಸೂಕ್ ಎಂಬ ಜೀವರಸಾಯನ ಶಾಸ್ತ್ರಜ್ಞರನ್ನು ಕೇಳಿಕೊಂಡರು. ಸೋಯಾ ಅವರೆಯಿಂದ ಅದು ಸಿದ್ಧವಾಯಿತು. 1946ರಲ್ಲಿ ಕ್ಲಿಂಟನ್ನರು ಕೋಟಿಜನಕ್ಕೆ ಊಟವೊದಗಿಸುವ ಉದ್ದೇಶದ ಸಂಸ್ಥೆಯೊಂದನ್ನು ಸ್ಥಾಪಿಸಿ, ಹಸಿದ ದೇಶಗಳಿಗೆ ಆ ಹಿಟ್ಟನ್ನು ಕಳುಹಿಸತೊಡಗಿದರು. ನಮ್ಮ ನೆಲದಲ್ಲಿ ಸೋಯಾ ಅವರೆಗಿಂತ ಕಡಲೆಕಾಯಿಯೇ ಸಮೃದ್ಧ. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯಲ್ಲಿ ಪ್ರೋಟೀನು ಹೇರಳ. ಆದಕಾರಣ ಮೈಸೂರಿನ ವಿಜ್ಞಾನಿಗಳು ಶುಚಿಯಾದ ಕಡಲೆಕಾಯಿ ಹಿಂಡಿಯ ಹಿಟ್ಟು ಮುಕ್ಕಾಲು, ಕಡಲೆಯ ಹಿಟ್ಟು ಕಾಲು ಪಾಲು ಬೆರೆಸಿ, ಸುಣ್ಣದ ಅಂಶವನ್ನೂ ಜೀವಸತ್ತ್ವಗಳನ್ನೂ ಸೇರಿಸಿ, ಭಾರತೀಯ ವಿವಿಧೋದ್ದೇಶ ಆಹಾರವನ್ನು ಸಿದ್ಧಪಡಿಸಿದರು. ನೂರು ಗ್ರಾಮಿನಲ್ಲಿ ನಲವತ್ತು ಗ್ರಾಮಿಗೂ ಹೆಚ್ಚು ಪ್ರೋಟೀನಿದ್ದ ಆ ಹಿಟ್ಟನ್ನು ಸಾರಿಗೋ ಗಂಜಿಗೋ ಒಂದಿಷ್ಟು ಬೆರೆಸಿದರೆ ಬಡ ಮಗುವಿನ ಊಟ ಪುಷ್ಟಿಗೊಳ್ಳುತ್ತಿತ್ತು. ಎಮ್ಮೆಯ ಹಾಲಿನಿಂದ ಎಳೆಮಕ್ಕಳ ಆಹಾರದ ಪುಡಿಯನ್ನು ಮಾಡುವ ವಿಧಾನವೂ ಇದೇ ಮನೆಯಲ್ಲಿ ಹುಟ್ಟಿ, ಮುಂದೆ ಗುಜರಾತಿನ ಆನಂದದಲ್ಲಿ ಅಮೂಲ್ ಸಂಸ್ಥೆಯಿಂದ ತಯಾರಾಗಿ ದೇಶವನ್ನೆಲ್ಲ ಮುಟ್ಟಿತು.

“ಇದನ್ನು ಗಮನಿಸಿ” ಎಂದು ಹಿರಿಯರು ಒತ್ತಿ ಹೇಳಿದರು. “ಆ ಹಿಟ್ಟು ಊಟದ ಬದಲಿಗೆ ಬಂದುದಲ್ಲ; ಸಾಲದ ಊಟಕ್ಕೆ ಸೇರುವುದಕ್ಕೆ ಬಂದುದು.” ಆ ಮಾತಿಗೆ ಅವರು ನಮ್ಮ ಅಡಿಗೆಮನೆಯದೇ ಒಂದು ದೃಷ್ಟಾಂತವನ್ನು ಕೊಟ್ಟರು. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಬೀಸಿದ ಹಿಟ್ಟನ್ನು ನಮ್ಮ ತಾಯಂದಿರು ಕೂಸುಗಳಿಗೆ ತಿನ್ನಿಸುತ್ತಿದ್ದರು. ಮೊಳಕೆಯಲ್ಲಿ ಹುಟ್ಟುವ ಒಂದು ಸತ್ತ್ವವು ಪಿಷ್ಟವನ್ನು ತುಂಡುಮಾಡುವುದರಿಂದ ಗಂಜಿ ತೆಳ್ಳಗಾಗುತ್ತದೆ. ಮೊಳಕೆ ಬರಿಸದ ಹಿಟ್ಟನ್ನು ಹೆಚ್ಚು ಹಾಕಿದರೆ ಗಂಜಿ ಮುದ್ದೆಯಂತಾಗಿ ಕೂಸು ನುಂಗಲಾರದು. ಮೊಳಕೆಯ ಹಿಟ್ಟಾದರೆ ಅದೇ ಹದದಲ್ಲಿ ಹೆಚ್ಚು ಹಿಟ್ಟು ಹಿಡಿಯುತ್ತದೆ. ಪುಟ್ಟ ಹೊಟ್ಟೆಗೆ ಹೆಚ್ಚು ಆಹಾರವನ್ನು ಸೇರಿಸುವ ಜಾಣತನ ಅದು. “ನಿಮ್ಮ ಭಾವನವರ ಹೊಟ್ಟೆ ಪುಟ್ಟದಲ್ಲವಷ್ಟೆ!” ಎಂದು ಅವರು ನಕ್ಕರು. ತೆಳ್ಳಗಾಗಿ ಸಲೀಸಾಗಿ ಇಳಿಯುವ ಪಾನಕದಿಂದ ಹೊಟ್ಟೆ ತುಂಬಿತೆಂಬ ಅರಿವು ತಡವಾಗಿ ಬರುತ್ತದೆ; ಅಗಿದು ತಿನ್ನುವ ಮುದ್ದೆ, ಕಾಳು, ಪಲ್ಯಗಳಿಂದ ಬೇಗ ಬರುತ್ತದೆ. ಹಸಿದ ಕೂಸಿಗೆ ಗುಣವಾದದ್ದೇ ಉಂಡ ಹಿರಿಯರಿಗೆ ದೋಷವಾಗಬಹುದು.

ಹಾಗಾದರೆ ಹಸಿದವರ ಹಿಟ್ಟು ಉಂಡವರ ಕೈಗೆ ಬಂದುದು ಹೇಗೆ? ಹಿಂದಿರುಗಿ ನಡೆಯುತ್ತ ಅದನ್ನೂ ಅವರು ಹೇಳಿದರು. ಅಮೆರಿಕದ ಇಂಡಿಯಾನಾ ಪ್ರಾಂತ್ಯದ ಇವಾನ್ಸ್‌ವಿಲ್ ನಗರದಲ್ಲಿ, ಮಕ್ಕಳ ಆಹಾರಕ್ಕೂ ರೋಗಿಗಳ ಆಹಾರಕ್ಕೂ ಹೆಸರಾಗಿದ್ದ ಮೀಡ್ ಜಾನ್ಸನ್ ಎಂಬ ಕಂಪೆನಿ, 1959ರಲ್ಲಿ ಮೆಟ್ರಿಕಾಲ್ ಎಂಬ ಪುಡಿಯನ್ನು ಮಾರಾಟಕ್ಕಿಟ್ಟಿತು. ದಿನಕ್ಕೆ ನಾಲ್ಕು ಲೋಟ, ಒಟ್ಟು 900 ಕ್ಯಾಲೊರಿ, ಬೇರೆ ಊಟವಿಲ್ಲ: ಇದೇ ಅದರ ಕ್ರಮ. ಆ ದೇಶವೆಲ್ಲ ಕೆಲವು ವರುಷ ಅದರ ಹಿಂದೆ ಬಿದ್ದಿತು. ಆಮೇಲೆ ಬೇಸತ್ತು ಬಿಟ್ಟಿತು. 1970ರ ದಶಕದಲ್ಲಿ ದ್ರವರೂಪದ ಪ್ರೋಟೀನಿನ ಹುಚ್ಚು ಹತ್ತಿತು. ಚರ್ಮ ಮೂಳೆಗಳಿಂದ ತೆಗೆದ ಕೀಳು ಜಾತಿಯ ಪ್ರೋಟೀನಿನ ಪಾನವೊಂದನ್ನೇ ತಿಂಗಳುಗಟ್ಟಲೆ ಕುಡಿದವರಲ್ಲಿ ಸುಮಾರು ಅರವತ್ತು ಜನ 1977–78ರಲ್ಲಿ ಸತ್ತರು. ಅನೇಕರ ಹೃದಯದ ಬಡಿತವೇ ತಾಳ ತಪ್ಪಿತ್ತು. ಆ ಬಳಿಕ ಇಂಥ ಆಹಾರದಲ್ಲಿ ಇಂತಿಷ್ಟು ಸತ್ತ್ವಗಳಿರಲೇಬೇಕೆಂಬ ಕಟ್ಟುಪಾಡುಗಳು ಬಿಗಿಯಾದವು. ಅಂತರರಾಷ್ಟ್ರೀಯ ಆಹಾರ ಸಂಹಿತೆಯಲ್ಲಿ 1991ರಲ್ಲಿ ಸೇರಿದ ನಿಯಮದಂತೆ, ಒಂದು ಊಟದ ಬದಲಿಗೆ ಬರುವ ಪಾನದಲ್ಲಿ 200ಕ್ಕೆ ಕಡಿಮೆಯಿಲ್ಲದೆ 400ಕ್ಕೆ ಮೀರದೆ ಕ್ಯಾಲೊರಿಗಳಿರಬೇಕು. ಅದರಲ್ಲಿ ಕಾಲು ಭಾಗಕ್ಕೆ ಕಡಿಮೆಯಿಲ್ಲದಷ್ಟು ಪ್ರೋಟೀನಿನಿಂದ ಬರಬೇಕು. ಎಂದರೆ 200 ಕ್ಯಾಲೊರಿಯ ಲೋಟದಲ್ಲಿ ಹನ್ನೆರಡೂವರೆ ಗ್ರಾಮಾದರೂ ಪ್ರೋಟೀನಿರಬೇಕು.

ಮನೆಗೆ ಬಂದೊಡನೆ ನಾವು ಮಾಡಿದ ಮೊದಲ ಕೆಲಸವೆಂದರೆ ಅಕ್ಕನ ಡಬ್ಬಿಯನ್ನು ತಿರುಗಿಸಿ, ಕನ್ನಡಕ ಏರಿಸಿ, ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದ್ದು. ಒಂದು ಅಳತೆಯಲ್ಲಿ 110 ಕ್ಯಾಲೊರಿ, ಪ್ರೋಟೀನು 6 ಗ್ರಾಂ, ಸಕ್ಕರೆ 10 ಗ್ರಾಂ ಎಂದಿತ್ತು. ಊಟದ ಬದಲಿಗೆ ಎಂಬ ಮಾತು ಎಲ್ಲಿಯೂ ಇರಲಿಲ್ಲ. ಹಾಲಿನಲ್ಲಿ ಬೆರೆಸಿ ಕುಡಿಯುವ ಪುಷ್ಟಿಕರ ಪಾನೀಯವೆಂದು ಮಾತ್ರ ಇತ್ತು. ಮುಂಬದಿಯ ಚಿತ್ರ ಹೇಳಿದ್ದೇ ಬೇರೆ, ಹಿಂಬದಿಯ ಅಕ್ಷರ ಹೇಳಿದ್ದೇ ಬೇರೆ. ಬೆರೆಸಿದ ಪದಾರ್ಥಗಳ ಪಟ್ಟಿಯಲ್ಲಿ ತೂಕದಲ್ಲಿ ಹೆಚ್ಚಾದುದು ಮೊದಲು ಬರಬೇಕೆಂದು ನಮ್ಮ ದೇಶದ ನಿಯಮವಿದೆ. ಆ ಪಟ್ಟಿಯಲ್ಲಿ ಸಕ್ಕರೆಯದು ಎರಡನೆಯ ಸ್ಥಾನ. “ಸಕ್ಕರೆ ಕಾಯಿಲೆಯವಳು ಸಕ್ಕರೆಯನ್ನೇ ಕೊಂಡು ಕುಡಿದೆನಲ್ಲ!” ಎಂದು ಅಕ್ಕ ಹಣೆ ಮುಟ್ಟಿಕೊಂಡಳು. ಮಾತ್ರೆಯ ವಿಷಯದಲ್ಲಿ ಆ ಸಕ್ಕರೆಯೂ ಅವಳನ್ನು ಕಾಯಲಿಲ್ಲ. ಅದು ಬೇಗ ಏರಿ ಬೇಗ ಇಳಿಯಿತು.

ಸಂಜೆ ಅಕ್ಕನೊಡನೆ ವೈದ್ಯರಲ್ಲಿಗೆ ಹೋದೆವು. ಅವರು ಬೈಯಲಿಲ್ಲ; ಅದೇ ದೊಡ್ಡ ಉಪಕಾರ. ಅಕ್ಕ ಮಾತ್ರ ಅಳುಕುತ್ತಲೇ, “ಈ ಹಿಟ್ಟಿನಿಂದ ವಿಲಾಯಿತಿಯಲ್ಲಿ ಸಕ್ಕರೆ ಕಾಯಿಲೆಯೇ ಹೋಯಿತಂತೆ, ಅದು ಸುಳ್ಳೆ ಡಾಕ್ಟರೇ?” ಎಂದು ಕೇಳಿದಳು. ಅವಳು ಇದನ್ನೆಲ್ಲ ಮಾಡಿದ್ದು ನಡುವಿನ ಅಂದಕ್ಕಾಗಿ ಅಲ್ಲ, ಮಾತ್ರೆಗಳಿಂದ ಬಿಡುಗಡೆ ಬೇಕೆಂಬ ಆಸೆಯಿಂದ ಎಂಬುದು ನಮಗೆ ತಿಳಿದದ್ದು ಆಗ.

“ಸುಳ್ಳಲ್ಲ ತಾಯಿ, ಆದರೆ ಪೂರ್ತಿ ಕೇಳಬೇಕು” ಎಂದು ವೈದ್ಯರು ವಿವರಿಸಿದರು. ಸ್ಕಾಟ್ಲೆಂಡಿನಲ್ಲಿಯೂ ಇಂಗ್ಲೆಂಡಿನ ಟೈನ್ ನದಿಯ ತೀರದಲ್ಲಿಯೂ, ನ್ಯೂಕಾಸಲ್ ಮತ್ತು ಗ್ಲಾಸ್ಗೋ ವಿಶ್ವವಿದ್ಯಾಲಯಗಳ ವೈದ್ಯರಾದ ರಾಯ್ ಟೇಲರ್, ಮೈಕ್ ಲೀನ್ ಎಂಬವರ ಮುಂದಾಳುತನದಲ್ಲಿ ನಡೆದ ಪ್ರಯೋಗದ ಮೊದಲ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ತೂಕ ಹೆಚ್ಚಾಗಿದ್ದ, ಮಧುಮೇಹ ಬಂದು ಆರು ವರುಷ ಮೀರದ, ಇನ್ಸುಲಿನ್ ಚುಚ್ಚಿಕೊಳ್ಳದ 306 ಜನರನ್ನು ಅದಕ್ಕೆ ಆರಿಸಿಕೊಂಡಿದ್ದರು. ಅವರಲ್ಲಿ ಅರ್ಧದಷ್ಟು ಜನ ಮೂರರಿಂದ ಐದು ತಿಂಗಳವರೆಗೆ ದಿನಕ್ಕೆ 825ರಿಂದ 853 ಕ್ಯಾಲೊರಿಯ ಪಾನವನ್ನೇ ಕುಡಿದರು. ಬಳಿಕ ಎರಡರಿಂದ ಎಂಟು ವಾರಗಳಲ್ಲಿ ಹಂತಹಂತವಾಗಿ ಊಟಕ್ಕೆ ಮರಳಿದರು. ಮರಳಿದ ಮೇಲೆಯೂ ಕಲಿತವರ ಮಾರ್ಗದರ್ಶನ ಬಹುಕಾಲ ದೊರೆಯಿತು. ಒಂದು ವರುಷದ ಕೊನೆಗೆ ಅವರಲ್ಲಿ ಶೇಕಡಾ 46 ಜನರಿಗೆ ಮಾತ್ರೆಯಿಲ್ಲದೆಯೇ ಸಕ್ಕರೆ ಹತೋಟಿಗೆ ಬಂದಿತ್ತು. ಎಂದಿನ ಚಿಕಿತ್ಸೆಯವರಲ್ಲಿ ಇದು ಶೇಕಡಾ 4 ಮಾತ್ರ. ಹದಿನೈದು ಕಿಲೋ ಅಥವಾ ಅದಕ್ಕಿಂತ ಹೆಚ್ಚು ಇಳಿಸಿದವರಲ್ಲಿ ನೂರಕ್ಕೆ 86 ಜನ ಗೆದ್ದಿದ್ದರು. ಎರಡನೆಯ ವರುಷದ ಕೊನೆಗೆ 46 ಇದ್ದುದು 36ಕ್ಕೆ ಇಳಿಯಿತು. ತೂಕ ಮರಳಿದವರಿಗೆ ಕಾಯಿಲೆಯೂ ಮರಳಿತು.

“ಇಲ್ಲಿ ಮೂರು ಮಾತು ನೆನಪಿಡಿ” ಎಂದರು ವೈದ್ಯರು. “ಅಲ್ಲಿ ಪಾನ ಪ್ರಾರಂಭವಾದ ದಿನವೇ ಮಧುಮೇಹದ ಮಾತ್ರೆಗಳನ್ನು ವೈದ್ಯರೇ ನಿಲ್ಲಿಸಿದ್ದರು. ನೀವು ಮಾತ್ರೆಯನ್ನು ಇಟ್ಟುಕೊಂಡು ಊಟವನ್ನು ನಿಲ್ಲಿಸಿದಿರಿ. ಎರಡನೆಯದಾಗಿ, ಅವರ ಕಾಯಿಲೆ ಹೊಸದು, ನಿಮ್ಮದು ಹನ್ನೆರಡು ವರುಷದ್ದು. ಅಷ್ಟು ಫಲವನ್ನು ನಾನು ನಿಮಗೆ ಮಾತು ಕೊಡಲಾರೆ. ಆದರೂ ಐದಾರು ಕಿಲೋ ಇಳಿದರೆ ಸಕ್ಕರೆಯೂ ರಕ್ತದ ಒತ್ತಡವೂ ಮಂಡಿನೋವೂ ತಗ್ಗುತ್ತವೆ, ಮಾತ್ರೆಯೂ ಕಡಿಮೆಯಾದೀತು. ಮೂರನೆಯದಾಗಿ, ಅಲ್ಲಿ ಗೆಲುವು ನಿಂತಿದ್ದು ಲೋಟದ ಮೇಲೆ ಅಲ್ಲ, ಲೋಟವನ್ನು ಬಿಟ್ಟ ಮೇಲೆ ಉಂಡ ಊಟದ ಮೇಲೆ.”

ಎಂಥವರು ಇಂಥ ಪಾನದ ತಂಟೆಗೆ ಹೋಗಬಾರದೆಂಬುದನ್ನೂ ಅವರು ಎಣಿಸಿ ಹೇಳಿದರು: ಬಸುರಿಯರು, ಬಾಣಂತಿಯರು, ಬೆಳೆಯುವ ಮಕ್ಕಳು, ಮೊದಲೇ ಸೊರಗಿದ ವೃದ್ಧರು. ಮೂತ್ರಪಿಂಡದ ತೊಂದರೆಯವರು, ಇನ್ಸುಲಿನ್ ತೆಗೆದುಕೊಳ್ಳುವವರು, ಸಕ್ಕರೆಯನ್ನು ಬಲವಾಗಿ ಇಳಿಸುವ ಮಾತ್ರೆಯವರು ವೈದ್ಯರನ್ನು ಕೇಳದೆ ಮುಟ್ಟಲೇಬಾರದು. ಮೈ ಬೆಳೆಸುವುದಕ್ಕೆಂದು ಪ್ರೋಟೀನಿನ ಪುಡಿಗಳನ್ನು ಬಳಸುವುದು ಬೇಡವೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯೂ 2024ರ ತನ್ನ ಆಹಾರಸೂಚಿಯಲ್ಲಿ ಹೇಳಿದೆ. ಹೊರಡುವಾಗ ವೈದ್ಯರು ಅಳತೆಯ ಪಟ್ಟಿಯೊಂದನ್ನು ತೆಗೆದು ಭಾವನವರ ಸೊಂಟವನ್ನೂ ಅಳೆದರು. ನಮ್ಮ ದೇಶದ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರು ಮೇರೆಯಂತೆ. ಭಾವನವರದು 101. ಅಕ್ಕ ಆ ದಿನ ಮೊದಲ ಸಲ ಮನಬಿಚ್ಚಿ ನಕ್ಕಳು.

ಮೂರನೆಯ ದಿನ ಬೆಳಿಗ್ಗೆ ಎಲ್ಲರೂ ದೇವರಾಜ ಮಾರುಕಟ್ಟೆಗೆ ಹೋದೆವು. ಮಲ್ಲಿಗೆಯ ಮೊಗ್ಗಿನ ರಾಶಿ, ಕುಂಕುಮದ ಗೋಪುರಗಳು, ಚಿಗುರು ವೀಳ್ಯದೆಲೆ, ನಂಜನಗೂಡಿನ ರಸಬಾಳೆ. ಮೈಸೂರಿನ ಮೂಗು ಕಣ್ಣು ಎರಡೂ ಅಲ್ಲಿಯೇ ಇವೆ. ಅಕ್ಕ ಸೊಪ್ಪಿನವಳ ಮುಂದೆ ಕುಳಿತು ದಂಟು, ಹರಿವೆ, ಮೆಂತ್ಯವನ್ನು ಆರಿಸಿದಳು. ಹುರಿಗಡಲೆ, ಹೆಸರುಕಾಳು, ರಾಗಿ ಚೀಲ ಸೇರಿದವು. “ಡಬ್ಬಿ ಕೊಂಡ ಹಣದಲ್ಲಿ ಇಷ್ಟೂ ಬಂದು, ಹೂವಿಗೂ ಉಳಿಯಿತು” ಎಂದು ಭಾವನವರು ಲೆಕ್ಕ ಹಾಕಿದರು.

ಮನೆಯಲ್ಲಿಯೇ ಒಂದು ಲೋಟ ಮಾಡಿಕೊಂಡರೆ ಆದೀತೆ ಎಂದು ಹಿಂದಿನ ದಿನದ ಹಿರಿಯರನ್ನು ಕೇಳಿ ಲೆಕ್ಕ ಬರೆದುಕೊಂಡಿದ್ದೆವು. ಮೂವತ್ತು ಗ್ರಾಂ ರಾಗಿ ಹಿಟ್ಟು, ಇನ್ನೂರು ಮಿಲಿಲೀಟರು ಕೆನೆ ಕಡಿಮೆಯಾದ ಹಾಲು, ಇಪ್ಪತ್ತು ಗ್ರಾಂ ಹುರಿಗಡಲೆಯ ಪುಡಿ, ಸಕ್ಕರೆ ಬೆಲ್ಲ ಯಾವುದೂ ಇಲ್ಲ: ಒಟ್ಟು ಸುಮಾರು 290 ಕ್ಯಾಲೊರಿ, ಪ್ರೋಟೀನು ಸುಮಾರು 12 ಗ್ರಾಂ. ರಾಗಿಯೂ ಹಾಲೂ ಕೂಡುವುದರಿಂದ ಸುಣ್ಣದ ಅಂಶಕ್ಕೆ ಕೊರತೆಯಿಲ್ಲ. ಅಕ್ಕನ ಡಬ್ಬಿಯ ಲೋಟಕ್ಕಿಂತ ಇದು ಎಷ್ಟೋ ಮೇಲು. ಆದರೆ ಸತ್ಯವನ್ನು ಮರೆಸಬಾರದು. ಅಷ್ಟು ಕ್ಯಾಲೊರಿಗೆ ಆಹಾರ ಸಂಹಿತೆ ಕೇಳುವ ಪ್ರೋಟೀನು 18 ಗ್ರಾಂ. ನಮ್ಮ ಲೋಟದಲ್ಲಿ ಆರು ಗ್ರಾಂ ಕಡಿಮೆ, ಜೀವಸತ್ತ್ವಗಳೂ ಅಷ್ಟಕ್ಕಷ್ಟೆ. ಆದಕಾರಣ ಒಂದು ಹೊತ್ತಿನ ತಿಂಡಿಗೆ ಅದು ಸಾಕು. ದಿನವೆಲ್ಲ ಅದನ್ನೇ ಕುಡಿದು ಬದುಕುವೆನೆಂದರೆ ಸಾಲದು. ವೈದ್ಯರ ಕಣ್ಣಳತೆಯಲ್ಲಿ ದಿನವಿಡೀ ಪಾನದ ಮೇಲೆಯೇ ಇರಬೇಕಾದವರಿಗೆ, ನಿಯಮಕ್ಕೆ ಒಳಪಟ್ಟು ತಯಾರಾದ ಹಿಟ್ಟೇ ಬೇಕು. ಮನೆಯದೆಲ್ಲ ಅಮೃತ, ಅಂಗಡಿಯದೆಲ್ಲ ವಿಷ ಎಂಬ ಮಾತನ್ನು ನಾವು ಹೇಳಲಾರೆವು.

ಅಕ್ಕನಿಗೆ ವೈದ್ಯರು ರಾತ್ರಿಯ ಮಾತ್ರೆಯನ್ನು ಬದಲಾಯಿಸಿ ಕೊಟ್ಟಿದ್ದರು. ಬೆಳಿಗ್ಗೆ ಈ ಲೋಟ, ಮಧ್ಯಾಹ್ನ ಸಣ್ಣ ಮುದ್ದೆ, ಬೊಗಸೆ ತುಂಬ ಪಲ್ಯ, ಕಾಳಿನ ಸಾರು, ಮಜ್ಜಿಗೆ. ರಾತ್ರಿ ಎಂಟು ಘಂಟೆಯೊಳಗೆ ಊಟ ಮಾಡಲೇಬೇಕು, ಬಿಡಕೂಡದು. ಸಂಜೆ ಇಬ್ಬರೂ ಕೂಡಿ ಅರ್ಧ ಘಂಟೆಯ ನಡಿಗೆ. ಭಾವನವರಿಗೆ ಹನ್ನೊಂದು ಘಂಟೆಯ ಗಟ್ಟಿ ಹಾಲಿನ ಲೋಟಕ್ಕೆ ರಜೆ. “ಇಷ್ಟು ಹೇಳುವುದಕ್ಕೆ ಇಷ್ಟೆಲ್ಲ ಆಗಬೇಕಾಯಿತೆ?” ಎಂದಳು ಅಕ್ಕ. ಆಗಬೇಕಾಗಿರಲಿಲ್ಲ, ಆದರೆ ಆಯಿತು. ಒಬ್ಬರ ಮನೆಯಲ್ಲಿ ಆದದ್ದು ಇನ್ನೊಬ್ಬರ ಮನೆಯಲ್ಲಿ ಆಗದಿರಲೆಂದೇ ಈ ಬರೆಹ.

ಈ ಮೂರು ದಿನಗಳಲ್ಲಿ ನಮಗೆ ಹೊಳೆದುದು ಬಹಳ ಸರಳ. ಅಂಥ ಲೋಟವೊಂದು ಮನೆಗೆ ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ ಅದರಲ್ಲಿ ಏನಿದೆ ಎಂಬುದಷ್ಟೇ ಅಲ್ಲ. ಅದು ಯಾವುದರ ಜಾಗಕ್ಕೆ ಬರುತ್ತಿದೆ, ಅದು ಹೋದ ಮೇಲೆ ಆ ಜಾಗಕ್ಕೆ ಏನು ಬರುತ್ತದೆ ಎಂಬುದೂ ಹೌದು. ಊಟದ ಮೇಲೆ ಬಂದರೆ ಅದೂ ಒಂದು ಊಟವೇ. ಊಟದ ಬದಲಿಗೆ ಬಂದರೆ, ಆ ಊಟವನ್ನು ನಂಬಿ ಕೊಟ್ಟ ಔಷಧಕ್ಕೆ ಮೊದಲು ತಿಳಿಸಬೇಕು. ಕೊನೆಗೆ ಮರಳುವುದು ಹಳೆಯ ತಟ್ಟೆಗೇ ಆದ್ದರಿಂದ, ಆ ತಟ್ಟೆಯನ್ನು ತಿದ್ದಿಕೊಳ್ಳದವರು ಎಷ್ಟು ಲೋಟ ಕುಡಿದರೂ ಹೊರಟಲ್ಲಿಗೇ ಬಂದು ನಿಲ್ಲುತ್ತಾರೆ.

ಹಿಂದಿರುಗುವಾಗ ಮದ್ದೂರಿನಲ್ಲಿ ಮತ್ತೆ ಅದೇ ಕೂಗು. ನಾವು ಒಂದು ವಡೆಯನ್ನು ಕೊಂಡು ಇಬ್ಬರೂ ಅರ್ಧರ್ಧ ತಿಂದೆವು. ತಿಂದೆವೆಂದು ಒಪ್ಪಿಕೊಳ್ಳುವುದಕ್ಕೆ ನಮಗೆ ನಾಚಿಕೆಯಿಲ್ಲ. ಮನೆಗೆ ಬಂದು ರಾತ್ರಿಯ ಊಟದಲ್ಲಿ ಅನ್ನವನ್ನು ಅರ್ಧ ಕಡಿಮೆ ಮಾಡಿದೆವು.

ಮೂರು ತಿಂಗಳ ತರುವಾಯ ಅಕ್ಕ ಮಾತನಾಡಿದಾಗ ತೂಕ ನಾಲ್ಕು ಕಿಲೋ ಇಳಿದಿದೆಯೆಂದೂ, ಸಕ್ಕರೆ ಒಮ್ಮೆಯೂ ತೀರ ಇಳಿದಿಲ್ಲವೆಂದೂ, ಮಾತ್ರೆ ಇನ್ನೂ ಇದೆಯೆಂದೂ ಹೇಳಿದಳು. “ಮತ್ತೆ ಆ ಡಬ್ಬಿ?” ಎಂದು ಕೇಳಿದೆವು. “ತೊಳೆದು ಒಣಗಿಸಿದ್ದೇನೆ. ಹುರಿಗಡಲೆ ತುಂಬಿಡುವುದಕ್ಕೆ ಗಟ್ಟಿ ಮುಚ್ಚಳದ್ದೇ ಬೇಕಿತ್ತು” ಎಂದಳು.